ಪೊಟ್ಟಣದ ಮೇಲೆ ಅಂದದ ಕ್ಯೂಆರ್ ಕೋಡ್

ಬೆಲ್ಲ, ಜೇನು, ಸಿರಿಧಾನ್ಯಗಳನ್ನು ತಾವೇ ಪೊಟ್ಟಣ ಮಾಡಿ ಮಾರುವ ರೈತರು ಲೇಬಲ್ಲಿನ ಮೇಲೆ ಕ್ಯೂಆರ್ ಕೋಡನ್ನೂ ಅಚ್ಚು ಹಾಕಿಸುವುದುಂಟು. ಗ್ರಾಹಕರು ಅದಕ್ಕೆ ಮೊಬೈಲ್ ಹಿಡಿದರೆ ಬೆಳೆದವರ ವಿವರ ತೆರೆದುಕೊಳ್ಳುತ್ತದೆ. ಕೋಡಿಗೆ ಬಣ್ಣ ಕೊಟ್ಟರೆ ಲೇಬಲ್ಲಿಗೆ ಕಳೆ ಬರುವುದು ನಿಜ. ಆದರೆ ಅಂದ ಹೆಚ್ಚಿಸಲು ಹೋಗಿ ಮೊಬೈಲ್ ಅದನ್ನು ಓದದಂತಾದರೆ ಮುದ್ರಣದ ಖರ್ಚೆಲ್ಲ ವ್ಯರ್ಥ.

ಕೋಡಿನ ರಚನೆ

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹರಾ ಮತ್ತು ಸಂಗಡಿಗರು ವಾಹನಗಳ ಬಿಡಿಭಾಗಗಳನ್ನು ಗುರುತಿಸಲು ರೂಪಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳಿಂದ ಮೊಬೈಲ್ ಕೋಡನ್ನು ಗುರುತಿಸುತ್ತದೆ. ಉಳಿದ ಮನೆಗಳಲ್ಲಿ ಮಾಹಿತಿಯ ಜೊತೆಗೆ ದೋಷ ತಿದ್ದುವ ಅಂಶವೂ ಇರುತ್ತದೆ. ಇದರಲ್ಲಿ ನಾಲ್ಕು ಮಟ್ಟಗಳಿವೆ, ಸುಮಾರು ಶೇ. 7, 15, 25 ಹಾಗೂ 30ರಷ್ಟು ಭಾಗ ಕೆಟ್ಟರೂ ಮಾಹಿತಿಯನ್ನು ಮರಳಿ ಪಡೆಯಬಹುದು.

ತಯಾರಿಸುವ ವಿಧಾನ

ಪೈಥಾನ್ ಭಾಷೆಯಲ್ಲಿ 'ಸೆಗ್ನೊ' ಎಂಬ ಪುಟ್ಟ ಲೈಬ್ರರಿ ಉಚಿತವಾಗಿ ದೊರೆಯುತ್ತದೆ. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಆಜ್ಞೆಗಳ ಕಟ್ಟು. ಪೈಥಾನ್ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಮೂರು ನಾಲ್ಕು ಸಾಲಿನಲ್ಲಿ ಕೋಡ್ ಸಿದ್ಧವಾಗುತ್ತದೆ. ಮೂಲೆಯ ಚೌಕಗಳಿಗೆ ಒಂದು ಬಣ್ಣ, ಉಳಿದ ಮನೆಗಳಿಗೆ ಇನ್ನೊಂದು ಬಣ್ಣ ಕೊಡಲು ಅವಕಾಶವಿದೆ. ಕಡತವನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿದರೆ ಎಷ್ಟು ಹಿಗ್ಗಿಸಿದರೂ ಅಚ್ಚು ಮಸುಕಾಗದು. ಹೀಗೆ ಮಾಡಿದ ಕೋಡಿನೊಳಗೆ ನಿಮ್ಮ ವಿಳಾಸವೇ ನೇರವಾಗಿ ಇರುವುದರಿಂದ ಕೋಡಿಗೆ ಅವಧಿ ಮುಗಿಯುವ ಭಯವಿಲ್ಲ.

ಗಮನಿಸಬೇಕಾದ ಅಂಶಗಳು

1. ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣವಿರಲಿ. ಬಿಳಿಯ ಮೇಲೆ ಕಡುಹಸಿರು ಅಥವಾ ಕಡುಕಂದು ಸೂಕ್ತ, ಹಳದಿ ಬೇಡ.

2. ಸುತ್ತಲೂ ನಾಲ್ಕು ಮನೆಗಳಷ್ಟು ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಅಂಚಿನ ಚಿತ್ತಾರ ಕೂಡದು.

3. ನಡುವೆ ಚಿಹ್ನೆ ಇಡುವುದಾದರೆ ಶೇ. 30ರ ಮಟ್ಟವನ್ನೇ ಆರಿಸಿ, ಚಿಹ್ನೆಯನ್ನು ಆದಷ್ಟು ಚಿಕ್ಕದಾಗಿಡಬೇಕು. ಮೂಲೆಯ ಚೌಕಗಳನ್ನು ಮುಚ್ಚಲೇಬಾರದು.

4. ವಿಳಾಸ ಚಿಕ್ಕದಾದಷ್ಟೂ ಮನೆಗಳು ಕಡಿಮೆ. ಅತಿ ಚಿಕ್ಕ ಕೋಡಿನಲ್ಲಿ ಸಾಲಿಗೆ 21 ಮನೆಗಳಿದ್ದರೆ ಅತಿ ದೊಡ್ಡದರಲ್ಲಿ 177 ಇರುತ್ತವೆ. ಮನೆಗಳು ಕಡಿಮೆಯಾದರೆ ಸಣ್ಣ ಲೇಬಲ್ಲಿನಲ್ಲೂ ಸ್ಪಷ್ಟವಾಗಿ ಕಾಣುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಒಂದೇ ಲೇಬಲ್ಲನ್ನು ಅಚ್ಚು ಹಾಕಿಸಿ ಪೊಟ್ಟಣಕ್ಕೆ ಅಂಟಿಸಿರಿ. ಹಳೆಯ ಮತ್ತು ಹೊಸ ಮೊಬೈಲುಗಳಲ್ಲಿ, ಬಿಸಿಲಿನಲ್ಲಿಯೂ ಅಂಗಡಿಯ ಮಂದ ಬೆಳಕಿನಲ್ಲಿಯೂ ಓದಿಸಿ ನೋಡಿರಿ. ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುವ ರೈತ ಬಾಂಧವರಿಗೆ ಈ ಎಚ್ಚರಿಕೆ ಹೊಸದೇನಲ್ಲ.