ಕಡಲ ಪ್ರದಕ್ಷಿಣೆ ಮತ್ತು ಕಟ್ಟೆಯ ಮಾತು

ಬಯಲುಸೀಮೆಯ ಮೋಟೆಬೆನ್ನೂರಿನಿಂದ ಕಡಲು ಹಕ್ಕಿ ಹಾರುವ ಹಾದಿಯಲ್ಲೂ ನೂರು ಕಿಲೋಮೀಟರಿಗಿಂತ ದೂರ. ಇಲ್ಲಿ ಬಿದ್ದ ಮಳೆಯಾದರೂ ಹತ್ತಿರದ ಅರಬ್ಬಿ ಸಮುದ್ರ ಸೇರುತ್ತದೆಯೇ? ಅದೂ ಇಲ್ಲ. ತುಂಗಭದ್ರೆ, ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಗೇ ಹೋಗುತ್ತದೆ. ಇಂಥ ಊರಿನ ಹುಡುಗನೊಬ್ಬ ಕಡಲಿನವರೆಗೆ ನಡೆದೇ ಹೋಗಿದ್ದ. 1930ರಲ್ಲಿ ಗಾಂಧೀಜಿಯೊಂದಿಗೆ ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿ.ಮೀ. ನಡೆದ ತಂಡದ ಏಕೈಕ ಕನ್ನಡಿಗ ಮೈಲಾರ ಮಹಾದೇವ. ಆಗ ಅವರಿಗೆ ವಯಸ್ಸು 18.

ಅದೇ ಊರಿನ ಕಟ್ಟೆಯ ಮೇಲೆ, ದ್ವೀಪವೊಂದನ್ನು ಕಯಾಕಿನಲ್ಲಿ ಒಂಟಿಯಾಗಿ ಸುತ್ತಿಬಂದವರ ವಿಡಿಯೊ ಕೈಯಿಂದ ಕೈಗೆ ಹೋಗುತ್ತಿತ್ತು. ತಲೆಗೊಂದು ಮಾತು. ಕಡಲು ಕಂಡವರು ಮೂವರೋ ನಾಲ್ವರೋ, ಬಲ್ಲವರು ಮಾತ್ರ ಎಲ್ಲರೂ. ಆ ಮಾತುಗಳಲ್ಲಿ ಕೆಲವನ್ನು ಇಲ್ಲಿ ತೂಗಿ ನೋಡುತ್ತೇನೆ. ಇದೇ ತಪ್ಪುಗಳನ್ನು ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ.

“ರಟ್ಟ್ಯಾಗ ಕಸುವು ಇರಬೇಕ್ರಿ” ಎನ್ನುವುದು ಮೊದಲ ಮಾತು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರನ್ನು ನೋಡಿದವರು ಹೀಗೆ ಹೇಳಬಾರದು. ಅವರು ಚೀಲ ಎತ್ತುವುದು ಕಾಲು ಮತ್ತು ಸೊಂಟದಿಂದ. ಕೈ ಬರೀ ಹಿಡಿತಕ್ಕೆ. ಕಯಾಕಿನ ಹುಟ್ಟಿಗೂ ಅದೇ ನ್ಯಾಯ. ಎರಡೂ ತುದಿಗೆ ಅಲಗಿರುವ ಆ ಹುಟ್ಟನ್ನು ತಿರುಗಿಸುವುದು ನಡು. ಪಾದಗಳು ದೋಣಿಯೊಳಗಿನ ಮೆಟ್ಟಿಗೆ ಒತ್ತಿಕೊಂಡಿರುತ್ತವೆ, ಪ್ರತಿ ಎಳೆತಕ್ಕೂ ಮುಂಡ ಹೊರಳುತ್ತದೆ. ರಟ್ಟೆಯನ್ನೇ ನಂಬಿದವನ ಭುಜ, ಮಣಿಕಟ್ಟು ಕೆಲವೇ ದಿನಗಳಲ್ಲಿ ಬಾತುಕೊಳ್ಳುತ್ತವೆ.

“ಮಗುಚಿತಂದ್ರ ಕತಿ ಮುಗೀತು” ಎನ್ನುವುದು ಎರಡನೆಯದು. ನಮ್ಮ ಕಣ್ಣಲ್ಲಿರುವುದು ತುಂಗಭದ್ರೆಯ ಹರಿಗೋಲು. ಅಗಲ ತಳ, ದುಂಡು ಬುಟ್ಟಿ. ತಿರುಗುತ್ತದೆ, ಸುಲಭಕ್ಕೆ ಮಗುಚುವುದಿಲ್ಲ. ಕಡಲ ಕಯಾಕ್ ಅದಕ್ಕೆ ಪೂರ್ತಿ ಉಲ್ಟಾ. ಉದ್ದ ಸುಮಾರು ಐದು ಮೀಟರ್, ಅಗಲ ಮೊಣಕೈಯಿಂದ ಬೆರಳತುದಿಗಿಂತ ತುಸು ಹೆಚ್ಚು. ಅದು ಓಲಾಡುತ್ತಲೇ ಇರುತ್ತದೆ, ಮಗುಚುವುದೂ ಉಂಟು. ಆದರೆ ಮಗುಚಿದ ಮೇಲೆ ಏಳುವ ವಿದ್ಯೆಯೂ ಬಹಳ ಹಳೆಯದು. ಉತ್ತರ ಧ್ರುವದಂಚಿನ ಇನ್ಯೂಟ್ ಬೇಟೆಗಾರರು ಕಟ್ಟಿಗೆ, ಎಲುಬಿನ ಹಂದರಕ್ಕೆ ಸೀಲ್ ಚರ್ಮ ಹೊಲಿದು ಕಟ್ಟಿದ ದೋಣಿಯಿದು. ನೀರಿಗೆ ಬಿದ್ದರೆ ಚಳಿಗೇ ಸಾಯುವ ಕಡಲು ಅವರದು. ಹಾಗಾಗಿ ದೋಣಿಯಿಂದ ಹೊರಬರದೆ, ಹುಟ್ಟನ್ನು ನೀರಿಗೆ ಆನಿಸಿ ಸೊಂಟದ ಒಂದು ತಿರುವಿನಿಂದ ಮೇಲೇಳುವುದನ್ನು ಕಲಿತರು. ಸೊಂಟದ ಸುತ್ತ ನೀರು ಒಳಬಾರದಂತೆ ಕಟ್ಟುವ ಲಂಗದಂಥ ಹೊದಿಕೆಗೆ ಇವತ್ತು ಮುಂದೊಂದು ಕುಣಿಕೆ ಇರುತ್ತದೆ. ಅದನ್ನೆಳೆದರೆ ಹೊದಿಕೆ ಕಳಚಿ ಮನುಷ್ಯ ಹೊರಗೆ. ಒಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ ಎನ್ನುವ ಭಯವನ್ನು ಕಲಿಸುವವರು ಮೊದಲ ಪಾಠದಲ್ಲೇ ಬಿಡಿಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ ನಂಬಿಕೆ: “ದಂಡಿ ಬಿಡಬಾರದು, ದಂಡಿ ಹತ್ರ ಇದ್ರ ಜೀವ ಉಳೀತದ.” ಬಯಲುಸೀಮೆಯವರಿಗೆ ಆಳ ಕಂಡರೆ ಅಂಜಿಕೆ. ಕಯಾಕಿಗರಿಗೆ ಅಂಜಿಕೆ ದಂಡೆಯದು. ನಡುಗಡಲಿನ ದೊಡ್ಡ ಅಲೆ ದೋಣಿಯನ್ನು ಎತ್ತಿ ಇಳಿಸಿ ಮುಂದೆ ಹೋಗುತ್ತದೆ. ಅದೇ ಅಲೆ ತಳ ಸೋಕಿ ಒಡೆಯುವುದು ದಂಡೆಯಲ್ಲಿ, ದೋಣಿಯನ್ನು ಬಡಿದು ಮುರಿಯುವುದೂ ಅಲ್ಲೇ. ಬಂಡೆಗೋಡೆಯಿದ್ದರೆ ಹೋದ ಅಲೆ ತಿರುಗಿಬಂದು ಬರುವ ಅಲೆಗೆ ಡಿಕ್ಕಿ ಹೊಡೆಯುತ್ತದೆ, ನೀರು ಕುದಿಯುವ ಸಾರಿನಂತೆ ಎಲ್ಲ ದಿಕ್ಕಿಗೂ ಜಿಗಿಯುತ್ತದೆ. ದಂಡೆ ಕಂಡ ಮಾತ್ರಕ್ಕೆ ಇಳಿಯಲು ಜಾಗವಿದೆ ಎಂದೂ ಅಲ್ಲ. ನ್ಯೂಜಿಲೆಂಡಿನ ಪಾಲ್ ಕ್ಯಾಫಿನ್ 1981–82ರಲ್ಲಿ 360 ದಿನ ತೆಗೆದುಕೊಂಡು ಆಸ್ಟ್ರೇಲಿಯಾವನ್ನು ಮೊದಲ ಬಾರಿಗೆ ಕಯಾಕಿನಲ್ಲಿ ಸುತ್ತಿದಾಗ, ಪಶ್ಚಿಮದ ಜೂಯ್ಟ್‌ಡಾರ್ಪ್ ಬಂಡೆಸಾಲಿನ ಪಕ್ಕದಲ್ಲಿ ಹಗಲೂ ರಾತ್ರಿ ಹುಟ್ಟು ಹಾಕಬೇಕಾಯಿತು. ಇಳಿಯಲು ಒಂದು ಗೇಣು ಮರಳೂ ಇರಲಿಲ್ಲ. ನಿದ್ದೆ ಬಾರದಿರಲು ಮಾತ್ರೆ ನುಂಗಿದ್ದರು. ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ 2009ರಲ್ಲಿ ಅದೇ ಸುತ್ತನ್ನು 332 ದಿನಗಳಲ್ಲಿ ಮುಗಿಸಿದರು. ಕಾರ್ಪೆಂಟೇರಿಯಾ ಕೊಲ್ಲಿಯನ್ನು ಅವರು ದಂಡೆ ಹಿಡಿಯದೆ ನೇರ ದಾಟಿದರು, ರಾತ್ರಿಗಳನ್ನು ದೋಣಿಯಲ್ಲೇ ಕಳೆದರು. ಆಸ್ಟ್ರೇಲಿಯಾ ದ್ವೀಪವೋ ಖಂಡವೋ ಎಂಬ ತಕರಾರು ಭೂಗೋಳದ ಮೇಷ್ಟ್ರಿಗಿರಲಿ.

ಕಟ್ಟೆಯಲ್ಲಿ ಒಬ್ಬರು ಸುತ್ತಿನ ಕಿಲೋಮೀಟರುಗಳನ್ನು ಈ ದಿನಗಳಿಂದ ಭಾಗಿಸಿ, “ದಿನಕ್ಕ ಇಷ್ಟೇನಾ? ಎತ್ತಿನ ಗಾಡಿ ಹೋಗ್ತದಲ್ಲೊ” ಎಂದರು. ದಿನವೂ ಹುಟ್ಟು ಹಾಕುತ್ತಾರೆಂಬ ಕಲ್ಪನೆಯಿಂದ ಬಂದ ಲೆಕ್ಕ ಅದು. ಮೆಣಸಿನಕಾಯಿ ಕಣದಲ್ಲಿ ಹರವುವ ಮುನ್ನ ಮುಗಿಲು ನೋಡುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿ ಸರಿಯಿಲ್ಲದಿದ್ದರೆ ಕಯಾಕಿಗ ಗುಡಾರದಲ್ಲಿ ಕೂರುತ್ತಾನೆ, ಒಂದು ದಿನವಾದರೆ ಒಂದು, ವಾರವಾದರೆ ವಾರ. ನೇರ ಯಾತ್ರೆಯಲ್ಲಿ ಬೆನ್ನಿಗೆ ಗಾಳಿಯಿರುವ ಋತು, ದಿಕ್ಕು ಆರಿಸಿಕೊಳ್ಳಬಹುದು. ಸುತ್ತು ಹಾಕುವವನಿಗೆ ಆ ಸೌಲಭ್ಯವಿಲ್ಲ. ಯಾವ ಗಾಳಿಯೇ ಇರಲಿ, ದ್ವೀಪದ ಒಂದಲ್ಲ ಒಂದು ಮಗ್ಗುಲಲ್ಲಿ ಅದು ಮುಖಕ್ಕೆ ಹೊಡೆಯಲೇಬೇಕು. ಮೂಲೆ ತಿರುಗುವಲ್ಲಿ ಉಬ್ಬರದ ಸೆಳೆತ ಒಂದು ಕಡೆ, ಗಾಳಿ ಎದುರು ಕಡೆ ನಿಂತರೆ ಅಲೆ ಕಡಿದಾಗಿ ನೆಟ್ಟಗಾಗುತ್ತದೆ. ಅಲ್ಲಿ ಎರಡು ತಾಸು ಕಾದವನು ದಾಟುತ್ತಾನೆ, ಕಾಯದವನು ಮಗುಚುತ್ತಾನೆ. ಪ್ರದಕ್ಷಿಣೆ ಎಂದರೆ ಬಲಕ್ಕೇ ಎನ್ನುವುದೂ ಇಲ್ಲಿ ನಡೆಯದು. ಕ್ಯಾಫಿನ್, ಹಾಫ್‌ಮೈಸ್ಟರ್ ಇಬ್ಬರೂ ಹಾಕಿದ್ದು ಅಪ್ರದಕ್ಷಿಣೆ.

ಅಮಾವಾಸ್ಯೆಗೆ ಕಡಲು ಉಕ್ಕುತ್ತದೆ ಎನ್ನುವುದು ಅರ್ಧ ಸತ್ಯ. ಹುಣ್ಣಿಮೆಗೂ ಅಷ್ಟೇ ಉಕ್ಕುತ್ತದೆ. ಎರಡೂ ಅಷ್ಟಮಿಗಳ ಹೊತ್ತಿಗೆ ಏರಿಳಿತ ತಗ್ಗಿರುತ್ತದೆ. ಸುತ್ತಲೂ ನೀರಿರುವಾಗ ನೀರಡಿಕೆ ಹೇಗೆ ಎಂದವರಿಗೆ: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ಒಣಗುತ್ತೀರಿ. ನಮ್ಮ ಬೆಚ್ಚನೆಯ ಕಡಲಿನಲ್ಲಿ ಕಯಾಕಿಗನನ್ನು ಕಾಡುವುದು ಚಳಿಗಿಂತ ಬಿಸಿಲು ಮತ್ತು ದಾಹ.

“ಇದೆಲ್ಲ ಬಿಳಿಯರ ಹುಚ್ಚು” ಎಂದು ಕೊನೆಗೊಬ್ಬರು ಮುಗಿಸಿದರು. ದೋಣಿ ಬಿಳಿಯರದ್ದಲ್ಲ ಎಂದು ಆಗಲೇ ಹೇಳಿದೆ. ಮುಂಬೈಯ ಕೌಸ್ತುಭ್ ಖಾಡೆ 2016–17ರಲ್ಲಿ ದ್ವಾರಕೆಯಿಂದ ಕನ್ಯಾಕುಮಾರಿಗೆ, ಸುಮಾರು 3,000 ಕಿ.ಮೀ., ನಮ್ಮ ಕಾರವಾರ, ಮಂಗಳೂರು ಕರಾವಳಿಯನ್ನು ಹಾದೇ ಕಯಾಕಿನಲ್ಲಿ ಹೋದರು. ಅದಕ್ಕೂ ಎಂಬತ್ತು ವರ್ಷ ಮೊದಲು ಜರ್ಮನಿಯ ಆಸ್ಕರ್ ಸ್ಪೆಕ್, ಕೆಲಸ ಹುಡುಕಿ ಸೈಪ್ರಸ್ಸಿಗೆಂದು 1932ರಲ್ಲಿ ಮಡಚುವ ಕಯಾಕಿನಲ್ಲಿ ಹೊರಟವನು, ಭಾರತದ ಪಶ್ಚಿಮ ದಂಡೆ ಹಿಡಿದು ಸಿಲೋನ್ ಮುಟ್ಟಿ, 1939ರಲ್ಲಿ ಆಸ್ಟ್ರೇಲಿಯಾ ತಲುಪಿ ಶತ್ರುದೇಶದವನೆಂದು ಸೆರೆಯಾದ. ಅವನದನ್ನು ಹುಚ್ಚು ಎಂದರೆ ನನ್ನ ತಕರಾರಿಲ್ಲ.

ತಿಂಗಳುಗಟ್ಟಲೆ ಸುತ್ತುವಂಥ ದ್ವೀಪ ಕರ್ನಾಟಕದ ಕಡಲಿನಲ್ಲಿಲ್ಲ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳು ಪುಟ್ಟವು. ಮುರ್ಡೇಶ್ವರದ ನೇತ್ರಾಣಿಯನ್ನು ಸುತ್ತುವುದಕ್ಕಿಂತ ಅಲ್ಲಿಗೆ ಮುಟ್ಟುವುದೇ ಕಷ್ಟ. ದಂಡೆಯಿಂದ ಸುಮಾರು 19 ಕಿ.ಮೀ., ಮುಟ್ಟಿದರೆ ಎದುರಾಗುವುದು ಕಡಿದಾದ ಬಂಡೆ. ಬೆಳಿಗ್ಗೆ ನೆಲದ ಗಾಳಿ ಹೊರಗೆ ತಳ್ಳುತ್ತದೆ, ಮಧ್ಯಾಹ್ನ ಕಡಲ ಗಾಳಿ ಮರಳಿ ತರುತ್ತದೆ ಎಂಬ ಲೆಕ್ಕ ಚೆಂದವೇ. ಆದರೆ ಮಧ್ಯಾಹ್ನದ ಗಾಳಿ ಬಿರುಸಾದ ದಿನ ಆ ಲೆಕ್ಕ ಹೊಸಬರ ಕೈಗೆ ಸಿಗುವುದಿಲ್ಲ.

ಮನೆಯ ಮಕ್ಕಳು ಈ ವಿದ್ಯೆ ಕಲಿಯುತ್ತೇನೆ ಎಂದರೆ ತಡೆಯಬೇಡಿ. ಹೊನ್ನಾವರದ ಶರಾವತಿ ಹಿನ್ನೀರೋ ಕಾಳಿಯೋ, ನಿಂತ ನೀರಿನಲ್ಲಿ ಶುರುವಾಗಲಿ. ಎಷ್ಟೇ ಈಜು ಬಂದರೂ ತೇಲುವ ಕವಚ ಮೈಮೇಲಿರಲಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವ ಜೂನ್, ಜುಲೈಯಲ್ಲಿ ಕಡಲ ಕಡೆ ತಲೆಹಾಕಬೇಡಿ. ಮತ್ತೆ, ಮೊದಲ ದಿನವೇ ಶಿಷ್ಯರನ್ನು ನೀರಿಗೆ ಕೆಡವಿ, ಎದ್ದುಬರುವುದನ್ನು ಕಲಿಸದ ಗುರುವಿದ್ದರೆ ಕೊಟ್ಟ ದುಡ್ಡು ವಾಪಸ್ ಕೇಳಿ.