ನಿಮಗಿದು ಗೊತ್ತೇ? ಸೊಳ್ಳೆಗೆ ಸೆಡ್ಡು ಹೊಡೆದ ಸೂಜಿ!

ಲಸಿಕೆ ಎಂದರೆ ವೈರಸ್ಸಿಗೋ ಬ್ಯಾಕ್ಟೀರಿಯಾಕ್ಕೋ ಎಂದುಕೊಂಡಿದ್ದೀರಾ? ಮಲೇರಿಯಾ ತರುವ ಪ್ಲಾಸ್ಮೋಡಿಯಂ ಎರಡೂ ಅಲ್ಲ, ಅದೊಂದು ಪರಾವಲಂಬಿ ಜೀವಿ. ಮನುಷ್ಯರನ್ನು ಕಾಡುವ ಪರಾವಲಂಬಿಯೊಂದರ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮೊಟ್ಟಮೊದಲ ಲಸಿಕೆ ಆರ್‌ಟಿಎಸ್,ಎಸ್!

ಕೋವಿಡ್ ಲಸಿಕೆ ವರ್ಷದೊಳಗೇ ಬಂತಲ್ಲ? ಇದರ ಕೆಲಸ ಶುರುವಾದದ್ದು 1980ರ ದಶಕದಲ್ಲಿ. ಶಿಫಾರಸು ಸಿಕ್ಕಿದ್ದು 2021ರ ಅಕ್ಟೋಬರ್ 6ಕ್ಕೆ. ಮೂವತ್ತು ವರ್ಷ ದಾಟಿತ್ತು!

ಲಸಿಕೆ ಫಲಿಸುತ್ತದೆಯೇ ಎಂದು ನೋಡಿದ್ದು ಹೇಗೆ ಗೊತ್ತೇ? ಸ್ವಯಂಸೇವಕರು ರೋಗಾಣು ಹೊತ್ತ ಸೊಳ್ಳೆಗಳಿಂದ ಬೇಕೆಂದೇ ಕಚ್ಚಿಸಿಕೊಂಡರು! ಅಮೆರಿಕ ಸೇನೆಯ ವಾಲ್ಟರ್ ರೀಡ್ ಸಂಸ್ಥೆಯ ಪರೀಕ್ಷೆಯೊಂದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಲಸಿಕೆಯ ಒಂದು ಬಗೆ ಪಡೆದ 7 ಮಂದಿಯಲ್ಲಿ 6 ಮಂದಿಗೆ ಸೋಂಕು ತಗಲಲೇ ಇಲ್ಲ. ಏಳನೆಯವರ ಪಾಡು ಪಾಪ!

ಸೊಳ್ಳೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ರೋಗಾಣು ಯಕೃತ್ತಿನೊಳಗೆ ಅಡಗಿ ಕೂರಬಲ್ಲದು. ಅಲ್ಲಿ ಒಂದು ಹೋಗಿ ಸಾವಿರಾರಾಗುತ್ತದೆ. ಲಸಿಕೆ ಅದನ್ನು ಹಿಡಿಯಬೇಕಾದದ್ದು ಹೆಚ್ಚಾಗಿ ಯಕೃತ್ತು ತಲುಪುವ ಈ ಪುಟ್ಟ ಓಟದ ನಡುವೆಯೇ!

ಇನ್ನೊಂದು ಸೋಜಿಗ. ಲಸಿಕೆಗೆ ಬಲ ತುಂಬುವ ಒಂದು ವಸ್ತು ಬರುವುದು ಚಿಲಿ ದೇಶದ ಸೋಪ್ ಮರದ ತೊಗಟೆಯಿಂದ. ನಮ್ಮ ಅಂಟುವಾಳದ ಕಾಯಿ ನೊರೆ ಬರಿಸುತ್ತದಲ್ಲ, ಅದರಲ್ಲಿರುವ ಸಪೋನಿನ್ ಜಾತಿಯದೇ ಇದೂ!

ಲಸಿಕೆಯ ಮುಖ್ಯ ಪ್ರೋಟೀನು ತಯಾರಾಗುವುದು ಯೀಸ್ಟ್‌ನಲ್ಲಿ. ಅದರಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರದ ತುಣುಕೂ ಸೇರಿದೆ. ಹಾಗಾಗಿ ಆರ್‌ಟಿಎಸ್,ಎಸ್ ಪಡೆದ ಮಗುವಿಗೆ ಆ ವೈರಸ್ ತರುವ ಕಾಮಾಲೆಯಿಂದಲೂ ರಕ್ಷಣೆ. ಒಂದಕ್ಕೊಂದು ಉಚಿತ!

2019ರ ಏಪ್ರಿಲ್‌ನಲ್ಲಿ ಮಲಾವಿ ದೇಶದ ಮಕ್ಕಳಿಗೆ ಪ್ರಾಯೋಗಿಕವಾಗಿ ಚುಚ್ಚುಮದ್ದು ಶುರು. ಅದೇ ವರ್ಷ ಘಾನಾ, ಕೀನ್ಯಾ ಕೂಡ ಕೈಜೋಡಿಸಿದವು. 20 ಲಕ್ಷದಷ್ಟು ಮಕ್ಕಳಿಗೆ ಲಸಿಕೆ ತಲುಪಿತು. ಲಸಿಕೆ ಕೊಟ್ಟ ಕಡೆ ಆ ವಯಸ್ಸಿನ ಮಕ್ಕಳ ಒಟ್ಟು ಸಾವು ಸುಮಾರು ಶೇ. 13ರಷ್ಟು ಇಳಿಯಿತು. ಮಲೇರಿಯಾ ಸಾವಷ್ಟೇ ಅಲ್ಲ, ಎಲ್ಲ ಕಾಯಿಲೆಗಳ ಸಾವೂ ಸೇರಿದ ಲೆಕ್ಕವಿದು, ಇನ್ನೊಮ್ಮೆ ಓದಿ! ಆಫ್ರಿಕಾದ ಮಲೇರಿಯಾ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು 5 ವರ್ಷದೊಳಗಿನ ಮಕ್ಕಳದು. ಅದಕ್ಕೇ ಸರದಿಯಲ್ಲಿ ಮೊದಲು ಪುಟಾಣಿಗಳು. ಸುಮಾರು 5 ತಿಂಗಳಿಂದ ಶುರು, ಒಟ್ಟು 4 ಡೋಸ್.

ಆಮೇಲೆ? ಲಸಿಕೆಗೇ ಬರ! 2023ರಿಂದ 2025ರವರೆಗಿನ 1.8 ಕೋಟಿ ಡೋಸ್‌ಗಳನ್ನು 12 ದೇಶಗಳು ಹಂಚಿಕೊಳ್ಳಬೇಕಾಯಿತು.

ಆಗ ಬಂತು ನೋಡಿ, ಪುಣೆಯಿಂದ ನೆರವು! ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ ಆರ್21 ಎಂಬ ಇನ್ನೊಂದು ಮಲೇರಿಯಾ ಲಸಿಕೆ ತಯಾರಾಗುವುದು ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ವರ್ಷಕ್ಕೆ 10 ಕೋಟಿ ಡೋಸ್ ತಯಾರಿಸುವ ಸಾಮರ್ಥ್ಯ, ಡೋಸ್‌ಗೆ 4 ಡಾಲರ್‌ಗಿಂತ ಕಡಿಮೆ ಬೆಲೆ. ಘಾನಾ ಎಷ್ಟು ಚುರುಕು ನೋಡಿ: ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದರೆ, ಅದು ಏಪ್ರಿಲ್‌ನಲ್ಲೇ ಅನುಮತಿ ಕೊಟ್ಟಾಗಿತ್ತು! ಆದರೆ 2024ರ ಜುಲೈ 15ರಂದು ಮೊದಲು ಮಕ್ಕಳಿಗೆ ಕೊಡಲು ಶುರು ಮಾಡಿದ್ದು ಐವರಿ ಕೋಸ್ಟ್.

ಬುರ್ಕಿನಾ ಫಾಸೊದಲ್ಲಿ ಆರ್21 ಪರೀಕ್ಷೆ ನಡೆದಾಗ ಮಳೆಗಾಲಕ್ಕೆ ಮುಂಚೆಯೇ ಚುಚ್ಚಿದರು. ಸೊಳ್ಳೆ ಬರುವ ಹೊತ್ತಿಗೆ ಮಗು ಸಜ್ಜು!

ಅಂದಹಾಗೆ, ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರ ಪತ್ತೆ ಮಾಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದರು. ನೀರು ನಿಲ್ಲದಿದ್ದರೆ ಸೊಳ್ಳೆಯೂ ಇಲ್ಲ ಎಂದು ಆತ ಕಂಡುಕೊಂಡದ್ದು ಇಲ್ಲೇ!

ಹಾಗಾದರೆ ಮಲೇರಿಯಾಕ್ಕೆ ಹೆಸರಾದ ಮಂಗಳೂರಿಗೆ ಈ ಲಸಿಕೆ ಬೇಡವೇ? ಎರಡೂ ಲಸಿಕೆಗಳ ಗುರಿ ಫಾಲ್ಸಿಪಾರಂ ಎಂಬ ಜಾತಿ. ಮಂಗಳೂರಿನಲ್ಲಿ ಹೆಚ್ಚು ಕಾಡುವುದು ವೈವ್ಯಾಕ್ಸ್. ಪುಣೆಯ ಲಸಿಕೆ ಕಡಲು ದಾಟಿ ಆಫ್ರಿಕಾದ ಮಕ್ಕಳನ್ನು ಕಾಯುತ್ತದೆ, ಮಂಗಳೂರಿಗೆ ಮಾತ್ರ ಸೊಳ್ಳೆಪರದೆಯೇ ಗತಿ!