ಬಾಕಿ ಸಂಬಳವೂ ಒಡೆಯರ ವೈಭವವೂ

ಎಮ್ಮಿಗನೂರು, ಕಂಪ್ಲಿಗಳ ಕಡೆ ತುಂಗಭದ್ರಾ ಕಾಲುವೆಗೆ ನೀರು ಬಾರದ ಹಂಗಾಮಿನಲ್ಲಿ ಆಳಿಗೆ ಕೂಲಿಯಿಲ್ಲ, ಗದ್ದೆಯೊಡೆಯನಿಗೂ ಬೆಳೆಯಿಲ್ಲ. ನಷ್ಟವು ಸಮಪಾಲಲ್ಲದಿದ್ದರೂ ಇಬ್ಬರ ಕಣ್ಣಿಗೂ ಕಾಣುವಂಥದು. ಆಧುನಿಕ ಕಂಪನಿಯಲ್ಲಿ ಹೀಗಾಗದಿರಲು ಕಾರಣವೇನೆಂಬುದನ್ನು ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಚರಿತ್ರೆಯಿಂದ ತಿಳಿಯಬಹುದು.

2005ರಲ್ಲಿ ಹಾರಾಟವನ್ನಾರಂಭಿಸಿದ ಈ ಸಂಸ್ಥೆಯು ಸಾಲದಲ್ಲಿ ಮುಳುಗಿ, 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಡದಾಯಿತು. ಪೈಲಟರೂ ಎಂಜಿನಿಯರರೂ ಕೆಲಸ ನಿಲ್ಲಿಸಲು, ಅಕ್ಟೋಬರ್ ಆರಂಭದಲ್ಲಿ ಬೀಗಮುದ್ರೆಯ ಘೋಷಣೆಯಾಯಿತು. ಅದೇ ತಿಂಗಳ 20ರಂದು ಹಾರಾಟದ ಪರವಾನಗಿಯೂ ಅಮಾನತಾಯಿತು. ಆ ಡಿಸೆಂಬರಿನಲ್ಲಿ ಅಧ್ಯಕ್ಷರಾದ ವಿಜಯ ಮಲ್ಯರು ತಿರುಪತಿಗೆ 3 ಕಿಲೋ ಚಿನ್ನವನ್ನರ್ಪಿಸಿದರು. 2015ರ ಡಿಸೆಂಬರಿನಲ್ಲಿ ಅವರ ಅರುವತ್ತರ ಹುಟ್ಟುಹಬ್ಬವು ಗೋವೆಯಲ್ಲಿ ವಿಜೃಂಭಣೆಯಿಂದ ನಡೆಯಿತು.

ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ ಒಬ್ಬ ವ್ಯಕ್ತಿ. ಅದರ ಋಣವು ಅಧ್ಯಕ್ಷನ ಮನೆಯ ಋಣವಲ್ಲ. ಆದರೆ ಬ್ಯಾಂಕುಗಳು ಮಲ್ಯರ ವೈಯಕ್ತಿಕ ಜಾಮೀನನ್ನೂ ಪಡೆದಿದ್ದವು. ಅದನ್ನು ಹಿಡಿದು ಅವರ ಸ್ವಂತ ಆಸ್ತಿಯನ್ನು ಬೆನ್ನಟ್ಟಿದವು. ಸಂಬಳವಿಲ್ಲದೆ ದುಡಿದ ನೌಕರನೂ ಸಂಸ್ಥೆಗೆ ಸಾಲ ಕೊಟ್ಟವನೇ ಸರಿ. ಆದರೆ ಅವನ ಕೈಯಲ್ಲಿ ಜಾಮೀನುಪತ್ರವಿರಲಿಲ್ಲ.

ಆದುದರಿಂದ ಇಂತಹ ಅಸಮಾಧಾನವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಸಂಬಳಕ್ಕೆ ತಾಳಿರೆಂದವರು ತಾವೆಷ್ಟು ತಾಳಿದರು ಎಂಬ ನ್ಯಾಯದ ಪ್ರಶ್ನೆ ಅದರಲ್ಲಿದೆ. ಜಮಾಖರ್ಚಿನ ಪುಸ್ತಕಗಳಲ್ಲಿ ಕಾಣಸಿಗದ ಈ ಪ್ರಶ್ನೆಯನ್ನು ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ಬಿಡಲಾಗದು.